ಭೋಂಗಾ ಕೇಳಿದ ಊರುಗಳು: ಇಂಗ್ಲೆಂಡಿನ ಹಳೇ ರೈಲು ದಾರಿಯಲ್ಲಿ ಐದು ದಿನ

ನಮ್ಮಜ್ಜ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಬೆಳಗ್ಗೆ ಭೋಂಗಾ, ಅಂದರೆ ವರ್ಕ್‌ಶಾಪಿನ ಸೈರನ್, ಆಯ್ತು ಅಂದರೆ ಇಡೀ ಓಣಿ ಏಳುತ್ತಿತ್ತು. ಅಜ್ಜಿ ಒಲೆ ಹಚ್ಚುವುದು, ಪಕ್ಕದ ಮನೆಯವರು ನೀರು ತುಂಬುವುದು, ನಾವು ಹುಡುಗರು ಶಾಲೆಗೆ ಓಡುವುದು, ಎಲ್ಲ ಅದರ ಲೆಕ್ಕದಲ್ಲೇ. ಗೋಡೆ ಗಡಿಯಾರಕ್ಕೆ ಕೀ ಕೊಡುವಾಗಲೂ ಅಜ್ಜ ಭೋಂಗಾಕ್ಕೆ ಕಾಯುತ್ತಿದ್ದರು. ಈ ಥರದ ಬದುಕು ಮೊದಲು ಎಲ್ಲಿ ಶುರುವಾಯ್ತು ಅಂತ ನೋಡುವ ಆಸೆ ನನಗೆ ಬಹಳ ವರ್ಷದಿಂದ ಇತ್ತು. ತಮ್ಮ ಲಂಡನ್ ಪಕ್ಕದ ರೀಡಿಂಗ್‌ನಲ್ಲಿ ಕೆಲಸ ಮಾಡುತ್ತಾನೆ. ಈ ಸೆಪ್ಟೆಂಬರಿನಲ್ಲಿ ಅವನಿಗೆ ಐದು ದಿನ ರಜೆ ಸಿಕ್ಕಿತು, ಹೊರಟುಬಿಟ್ಟೆವು.

ಮೊದಲ ದಿನ: ಸ್ವಿಂಡನ್

ಇಬ್ಬರು ಒಟ್ಟಿಗೆ ಓಡಾಡುವುದಾದರೆ ಅಲ್ಲಿ ಜೋಡಿ ರೈಲ್‌ಕಾರ್ಡ್ ಸಿಗುತ್ತೆ, ಟಿಕೆಟ್ ಬೆಲೆಯಲ್ಲಿ ಮೂರನೇ ಒಂದು ಭಾಗ ಉಳಿಯುತ್ತೆ, ಆದರೆ ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಮೊದಲು ನಡೆಯಲ್ಲ. ಹಾಗಾಗಿ ನಿಧಾನಕ್ಕೆ ತಿಂಡಿ ತಿಂದೇ ಹೊರಟೆವು. ಅರ್ಧ ಗಂಟೆಯಲ್ಲಿ ಸ್ವಿಂಡನ್. ಇಳಿದಾಗ ಸಣ್ಣ ಮಳೆ. ನಮ್ಮ ಮಲೆನಾಡಿನ ಜಡಿಮಳೆ ಥರ ಅಲ್ಲ, ಮುಖಕ್ಕೆ ಒದ್ದೆ ಬಟ್ಟೆ ಒರೆಸಿದ ಹಾಗೆ.

1840ರಲ್ಲಿ ಇದು ಗುಡ್ಡದ ಮೇಲಿನ ಸಣ್ಣ ಸಂತೆ ಊರು. ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿ ಗುಡ್ಡದ ಕೆಳಗಿನ ಬಯಲಿನಲ್ಲಿ ತನ್ನ ವರ್ಕ್‌ಶಾಪ್ ಕಟ್ಟಿ 1843ರಲ್ಲಿ ಕೆಲಸ ಶುರು ಮಾಡಿತು. ಕೆಲಸಗಾರರಿಗೆ ಅಂತ ಪಕ್ಕದಲ್ಲೇ ಕಲ್ಲಿನ ಮನೆಗಳ ಸಾಲು ಕಟ್ಟಿಸಿತು, ಸುಮಾರು ಮುನ್ನೂರು ಮನೆ. ಅವು ಈಗಲೂ ಇವೆ, ಜನ ವಾಸ ಮಾಡುತ್ತಿದ್ದಾರೆ. ಬೀದಿಗಳ ಹೆಸರು ನೋಡಿ ನಾನು ನಿಂತುಬಿಟ್ಟೆ. ಬ್ರಿಸ್ಟಲ್ ಬೀದಿ, ಟಾಂಟನ್ ಬೀದಿ, ಎಕ್ಸೆಟರ್ ಬೀದಿ, ರೀಡಿಂಗ್ ಬೀದಿ, ಎಲ್ಲ ಆ ಕಂಪನಿಯ ರೈಲು ಹೋಗುವ ಊರುಗಳು. ಮನೆಗಳು ತೀರಾ ಚಿಕ್ಕವು, ಮುಂದೆ ಅಂಗೈಯಗಲ ಹೂತೋಟ. ಒಂದು ಕಿಟಕಿಯಲ್ಲಿ ಬೆಕ್ಕು ಮಲಗಿತ್ತು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್ ಸಾಲು ಕಣ್ಣ ಮುಂದೆ ಬಂತು.

ಹಳೇ ವರ್ಕ್‌ಶಾಪಿನ ಒಂದು ಭಾಗ ಈಗ ಮ್ಯೂಸಿಯಂ, ಇನ್ನೊಂದು ಭಾಗ ಬಟ್ಟೆ ಅಂಗಡಿಗಳ ಮಾಲ್. ಮ್ಯೂಸಿಯಂ ಒಳಗೆ ಒಬ್ಬರು ವಯಸ್ಸಾದವರು ಮಾತಿಗೆ ಸಿಕ್ಕರು. ಹದಿನೈದನೇ ವಯಸ್ಸಿಗೆ ಇಲ್ಲೇ ಅಪ್ರೆಂಟಿಸ್ ಆಗಿ ಸೇರಿ, 1986ರಲ್ಲಿ ಬಾಗಿಲು ಮುಚ್ಚುವವರೆಗೂ ದುಡಿದವರು. ನಮ್ಮಜ್ಜನ ಭೋಂಗಾ ಬಗ್ಗೆ ಹೇಳಿದೆ. ಅವರ ಮುಖ ಅರಳಿತು. ಇಲ್ಲಿಯೂ ಅದೇ, 'ಹೂಟರ್' ಅನ್ನುತ್ತಿದ್ದರಂತೆ. ಮೈಲಿಗಟ್ಟಲೆ ಆಚೆಯ ಹಳ್ಳಿಗಳಿಗೂ ಕೇಳುತ್ತಿತ್ತು. 1870ರ ದಶಕದಲ್ಲಿ ಪಕ್ಕದ ಲಿಡಿಯಾರ್ಡ್ ಬಂಗಲೆಯ ಜಮೀನ್ದಾರ ಬೋಲಿಂಗ್‌ಬ್ರೋಕ್ ತನ್ನ ನಿದ್ದೆ ಹಾಳಾಗುತ್ತೆ ಅಂತ ಸರ್ಕಾರಕ್ಕೇ ದೂರು ಕೊಟ್ಟಿದ್ದ. ಹೊಲದ ಕೆಲಸಕ್ಕೆ ಸೂರ್ಯ ಸಾಕಿತ್ತು. ಸಾವಿರಾರು ಜನ ಒಂದೇ ಗೇಟಿನಲ್ಲಿ ಒಂದೇ ನಿಮಿಷಕ್ಕೆ ಒಳಗೆ ಬರಬೇಕು ಅಂದಾಗ ಸೂರ್ಯ ಸಾಲಲಿಲ್ಲ.

ಅವರು ತೋರಿಸಿದ ದಾರಿಯಲ್ಲೇ ಹೋಗಿ ಮೆಡಿಕಲ್ ಫಂಡ್‌ನ ಹಳೇ ಕಟ್ಟಡ ನೋಡಿದೆವು. 1847ರಿಂದ ಪ್ರತಿಯೊಬ್ಬ ಕೆಲಸಗಾರನ ಸಂಬಳದಲ್ಲಿ ಇಷ್ಟು ಅಂತ ಹಿಡಿದು, ಅದರಿಂದ ಡಾಕ್ಟರು, ಔಷಧಿ, ಮುಂದೆ ಆಸ್ಪತ್ರೆ, ಸ್ನಾನದ ಮನೆ ಎಲ್ಲವನ್ನೂ ಮನೆಮಂದಿಗೆಲ್ಲ ಕೊಡುತ್ತಿದ್ದರು. 1948ರಲ್ಲಿ ಇಡೀ ದೇಶಕ್ಕೆ ಉಚಿತ ಆರೋಗ್ಯ ಸೇವೆ ಬಂದಾಗ ಅದಕ್ಕೆ ಮಾದರಿಯಾದವುಗಳಲ್ಲಿ ನಮ್ಮದೂ ಒಂದು ಅಂತ ಸ್ವಿಂಡನ್ನಿನವರು ಎದೆ ಉಬ್ಬಿಸಿ ಹೇಳುತ್ತಾರೆ. ಹೇಳಲೇಬೇಕು ಬಿಡಿ.

ಸಂಜೆ ಸ್ಟೇಷನ್ನಿನಲ್ಲಿ ಕಾಫಿ ಕುಡಿದೆವು. ಈ ಸ್ಟೇಷನ್ನಿನ ಕಾಫಿಗೇ ಒಂದು ಇತಿಹಾಸ ಇದೆ. ಆಗ ರೈಲಿನಲ್ಲಿ ಊಟವೂ ಇಲ್ಲ, ಶೌಚಾಲಯವೂ ಇಲ್ಲ. ಇಲ್ಲಿನ ಹೋಟೆಲ್ ನಡೆಸುವವರ ಜೊತೆ ಆದ ಕರಾರಿನ ಪ್ರಕಾರ ಎಲ್ಲ ರೈಲೂ ಹತ್ತು ನಿಮಿಷ ನಿಲ್ಲಲೇಬೇಕು. ಇಡೀ ರೈಲಿನ ಜನ ಹತ್ತು ನಿಮಿಷದಲ್ಲಿ ಬಿಸಿ ಸೂಪು ಗಂಟಲಿಗೆ ಸುರಿದುಕೊಂಡು ಓಡಿ ಬರಬೇಕು. ಈ ದಾರಿ ಕಟ್ಟಿದ ಎಂಜಿನಿಯರ್ ಬ್ರುನೆಲ್ ಇಲ್ಲಿನ ಕಾಫಿ ಕುಡಿದು, ಇದು ಕಾಫಿಯೇ ಅಲ್ಲ, ಹುರಿದ ಧಾನ್ಯದ ನೀರು ಅನ್ನುವ ಅರ್ಥದಲ್ಲಿ ಹೋಟೆಲಿನವರಿಗೆ ಪತ್ರ ಬರೆದಿದ್ದರು. ಆ ಕರಾರಿನಿಂದ ಬಿಡಿಸಿಕೊಳ್ಳಲು ರೈಲ್ವೆ ಕಂಪನಿ 1895ರಲ್ಲಿ ಒಂದು ಲಕ್ಷ ಪೌಂಡ್ ಕೊಡಬೇಕಾಯಿತು. ನಾವು ಕುಡಿದ ಕಾಫಿ ಚೆನ್ನಾಗಿತ್ತು.

ಎರಡನೇ ದಿನ: ಬ್ರಿಸ್ಟಲ್

ಸ್ವಿಂಡನ್ ದಾಟಿದ ಮೇಲೆ ಎರಡೂ ಕಡೆ ಹಸಿರು, ಹಸಿರಿನ ತುಂಬ ಹಸುಗಳು. ಈ ಹಸುಗಳ ಕಥೆ ನನಗೆ ಬಹಳ ಇಷ್ಟ. ರೈಲು ಬರುವ ಮೊದಲು ಲಂಡನ್ನಿನ ಹಾಲು ಲಂಡನ್ನಿನಲ್ಲೇ ಆಗಬೇಕಿತ್ತು. ಊರ ನಡುವೆ ಗಾಳಿ ಬೆಳಕಿಲ್ಲದ ಕೊಟ್ಟಿಗೆಗಳಲ್ಲಿ ಹಸು ಕಟ್ಟಿ ಕರೆಯುತ್ತಿದ್ದರು. 1865ರಲ್ಲಿ ಜಾನುವಾರುಗಳಿಗೆ ದೊಡ್ಡ ರೋಗ ಬಂತು, ಆ ಕೊಟ್ಟಿಗೆಗಳು ಖಾಲಿಯಾದವು. ಆಮೇಲೆ ಹಾಲು ಈ ಕಡೆಯಿಂದ ರೈಲಿನಲ್ಲಿ ಹೋಗತೊಡಗಿತು. ಇಲ್ಲಿನ ರೈತರಿಗೆ ಹಾಲು ಕೆಡದಂತೆ ಇಡಲು ಚೀಸ್ ಮಾಡುವುದೇ ದಾರಿಯಾಗಿತ್ತು. ಈಗ ಬೆಳಗಿನ ಹಾಲನ್ನು ಕ್ಯಾನಿನಲ್ಲಿ ತುಂಬಿ ಸ್ಟೇಷನ್ನಿಗೆ ತಲುಪಿಸಿದರೆ ಸಾಕು. ಆದರೆ ರೈಲು ಕಾಯಲ್ಲ, ಅಲ್ವಾ? ಹಸು ಕರೆಯುವ ಹೊತ್ತನ್ನೂ ರೈಲೇ ಗೊತ್ತು ಮಾಡಿತು. ಹಾಲಿನ ಗಾಡಿ ಬರುವ ಹೊತ್ತಿಗೆ ಡೈರಿ ಮುಂದೆ ಕ್ಯಾನ್ ಹಿಡಿದು ನಿಲ್ಲುವ ನಮ್ಮ ಹಳ್ಳಿಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ.

ಆಮೇಲೆ ಬಾಕ್ಸ್ ಸುರಂಗ, ಸುಮಾರು ಮೂರು ಕಿಲೋಮೀಟರ್ ಕತ್ತಲೆ. 1841ರಲ್ಲಿ ಈ ಸುರಂಗ ಮುಗಿದ ಮೇಲೆ ಲಂಡನ್ನಿನಿಂದ ಬ್ರಿಸ್ಟಲ್‌ಗೆ ನಾಲ್ಕು ಗಂಟೆ. ಅದಕ್ಕೆ ಮೊದಲು ಕುದುರೆ ಗಾಡಿಯಲ್ಲಿ ಇಡೀ ಹಗಲೋ ಇಡೀ ರಾತ್ರಿಯೋ ಕೂರಬೇಕಿತ್ತು.

ಬ್ರಿಸ್ಟಲ್‌ಗೆ ನಾನು ಬಂದಿದ್ದು ಒಂದೇ ಒಂದು ಗಡಿಯಾರ ನೋಡಲು. ಕಾರ್ನ್ ಎಕ್ಸ್‌ಚೇಂಜ್ ಅನ್ನುವ ಹಳೇ ಧಾನ್ಯದ ಮಾರುಕಟ್ಟೆಯ ಮುಂಭಾಗದಲ್ಲಿದೆ. ಅದಕ್ಕೆ ಎರಡು ನಿಮಿಷದ ಮುಳ್ಳು. ಒಂದು ಲಂಡನ್ ಟೈಮು, ಇನ್ನೊಂದು ಬ್ರಿಸ್ಟಲ್ಲಿನದೇ ಟೈಮು, ಹತ್ತು ನಿಮಿಷ ಹಿಂದೆ. ಸೂರ್ಯ ಬ್ರಿಸ್ಟಲ್‌ಗೆ ಬರುವುದು ಲಂಡನ್ನಿಗಿಂತ ಹತ್ತು ನಿಮಿಷ ತಡವಾಗಿ. ಹಿಂದೆ ಪ್ರತಿ ಊರಿಗೂ ಅದರದೇ ಮಧ್ಯಾಹ್ನ ಇತ್ತು. ಯಾರಿಗೂ ತೊಂದರೆ ಇರಲಿಲ್ಲ. ರೈಲು ಬಂದ ಮೇಲೆ ಆಯಿತು ತೊಂದರೆ. ಗ್ರೇಟ್ ವೆಸ್ಟರ್ನ್ 1840ರಲ್ಲೇ ತನ್ನ ಸ್ಟೇಷನ್‌ಗಳಲ್ಲೆಲ್ಲ ಲಂಡನ್ ಟೈಮ್ ಹಾಕಿತು. ಬ್ರಿಸ್ಟಲ್ ಊರು ಒಪ್ಪಿದ್ದು 1852ರಲ್ಲಿ. ಅಲ್ಲಿಯವರೆಗೆ ಊರ ಗಡಿಯಾರ ನಂಬಿ ಸ್ಟೇಷನ್ನಿಗೆ ಹೋದರೆ ರೈಲು ಹೊರಟು ಹತ್ತು ನಿಮಿಷ ಆಗಿರುತ್ತಿತ್ತು. 1858ರಲ್ಲಿ ಡಾರ್ಚೆಸ್ಟರ್ ಕೋರ್ಟಿನಲ್ಲಿ ಇದೇ ದೊಡ್ಡ ಜಗಳವಾಯಿತು. ಕೋರ್ಟಿನ ಗಡಿಯಾರದಲ್ಲಿ ಹತ್ತು ದಾಟಿತ್ತು, ಪ್ರತಿವಾದಿ ಬಂದಿಲ್ಲ ಅಂತ ಜಡ್ಜ್ ಕೇಸು ಮುಗಿಸಿದರು. ಅಷ್ಟರಲ್ಲಿ ಆತ ಬಂದ, ನಮ್ಮೂರ ಲೆಕ್ಕದಲ್ಲಿ ನಾನು ಸರಿಯಾದ ಹೊತ್ತಿಗೇ ಬಂದಿದ್ದೇನೆ ಅಂದ. ಮೇಲಿನ ಕೋರ್ಟು ಅವನ ಪರವಾಗಿಯೇ ತೀರ್ಪು ಕೊಟ್ಟಿತು. ಇಡೀ ದೇಶಕ್ಕೆ ಒಂದೇ ಟೈಮ್ ಅಂತ ಕಾನೂನು ಆಗಿದ್ದು 1880ರಲ್ಲಿ.

ಗಡಿಯಾರದ ಕೆಳಗೆ ಅರ್ಧ ಗಂಟೆ ನಿಂತೆ. ಹಿಂದುಗಡೆಯ ಸೇಂಟ್ ನಿಕೋಲಸ್ ಮಾರ್ಕೆಟ್ಟಿನಲ್ಲಿ ಫಲಾಫೆಲ್ ಮಾರುವ ಹೆಂಗಸು, ದಿನಾ ಇದರ ಕೆಳಗೇ ಹೋಗ್ತೀನಿ, ಎರಡು ಮುಳ್ಳಿರುವುದು ಗೊತ್ತಾಗಿದ್ದು ಮಗಳು ಶಾಲೆಯಲ್ಲಿ ಕಲಿತು ಬಂದು ಹೇಳಿದ ಮೇಲೆ ಅಂದರು. ತಮ್ಮ ಅಲ್ಲೇ ನಿಂತು ಮೊಬೈಲಿನಲ್ಲಿ ಹುಬ್ಬಳ್ಳಿಯ ಲೆಕ್ಕ ಹಾಕಿದ. ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷ. ನಮ್ಮ ಊರಿನ ನಿಜವಾದ ಮಧ್ಯಾಹ್ನ ಭಾರತದ ಗಡಿಯಾರದಲ್ಲಿ ಹೆಚ್ಚುಕಡಿಮೆ ಹನ್ನೆರಡೂವರೆಗೆ. ನೆತ್ತಿ ಮೇಲೆ ಸೂರ್ಯ ಬಂದ ಮೇಲೇ ಉಣ್ಣುತ್ತಿದ್ದ ಮುತ್ತಜ್ಜಿ, ಗಡಿಯಾರದ ಹನ್ನೆರಡಕ್ಕೆ 'ಇನ್ನೂ ಹೊತ್ತಾಗಿಲ್ಲೋ ತಮ್ಮಾ' ಅನ್ನುತ್ತಿದ್ದರಂತೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಸಂಜೆಯ ಮ್ಯಾಂಚೆಸ್ಟರ್ ರೈಲು ರದ್ದಾಯಿತು. ಮುಂದಿನದರಲ್ಲಿ ಕಾಲಿಡಲು ಜಾಗ ಇರಲಿಲ್ಲ, ಎರಡು ಗಂಟೆ ನಿಂತೇ ಬಂದೆವು. ಹೀಗಾದರೆ ಟಿಕೆಟ್ ಬಿಸಾಡಬೇಡಿ. ತಡವಾದ ಹೊತ್ತಿನ ಲೆಕ್ಕದಲ್ಲಿ ದುಡ್ಡು ವಾಪಸ್ ಕೇಳಬಹುದು. ನಾವು ಆ ರಾತ್ರಿಯೇ ಆನ್‌ಲೈನಿನಲ್ಲಿ ಅರ್ಜಿ ಹಾಕಿದೆವು.

ಮೂರನೇ ದಿನ: ಮ್ಯಾಂಚೆಸ್ಟರ್‌ನಿಂದ ಲಿವರ್‌ಪೂಲ್

ಬೆಳಗ್ಗೆ ಎದ್ದವರೇ ಲಿವರ್‌ಪೂಲ್ ರಸ್ತೆಯ ಹಳೇ ಸ್ಟೇಷನ್ನಿಗೆ ನಡೆದೆವು. 1830ರ ಸೆಪ್ಟೆಂಬರ್ 15ರಂದು ಈ ಎರಡು ಊರುಗಳ ನಡುವೆ ರೈಲು ಶುರುವಾಯಿತು. ಎರಡು ದೊಡ್ಡ ಊರುಗಳ ನಡುವೆ, ಪೂರ್ತಿ ಎಂಜಿನ್ ಬಲದಲ್ಲಿ, ವೇಳಾಪಟ್ಟಿ ಹಾಕಿಕೊಂಡು ಜನರನ್ನು ಒಯ್ದ ಮೊದಲ ದಾರಿ ಇದು. ಕಟ್ಟಡ ನೋಡಲು ದೊಡ್ಡ ಮನೆಯ ಹಾಗಿದೆ, ಯಾಕೆಂದರೆ ಸ್ಟೇಷನ್ ಅಂದರೆ ಹೇಗಿರಬೇಕು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಮೊದಲ ದರ್ಜೆಗೆ ಒಂದು ಬಾಗಿಲು, ಎರಡನೇ ದರ್ಜೆಗೆ ಇನ್ನೊಂದು. ಟಿಕೆಟ್ ಕೊಳ್ಳುವ ಜಾಗ, ಕಾಯುವ ಕೋಣೆ ಎಲ್ಲ ಬೇರೆ ಬೇರೆ.

ಟಿಕೆಟ್ ಅಂದಾಗ ಒಂದು ಮಾತು. ನಮ್ಮ ಕಾಲದ ಆ ಗಟ್ಟಿ ರಟ್ಟಿನ ಪುಟ್ಟ ಟಿಕೆಟ್ ನೆನಪಿದೆಯಾ? ಕೌಂಟರಿನೊಳಗೆ ಗೂಡುಗಳಲ್ಲಿ ಜೋಡಿಸಿಟ್ಟಿರುತ್ತಿದ್ದರು, ಒಂದನ್ನು ತೆಗೆದು ಯಂತ್ರದಲ್ಲಿ ಟಕ್ ಅಂತ ತಾರೀಖು ಒತ್ತಿ ಕೊಡುತ್ತಿದ್ದರು. ಅದನ್ನು ಮಾಡಿದ್ದು ಥಾಮಸ್ ಎಡ್ಮಂಡ್‌ಸನ್ ಅನ್ನುವ ಸ್ಟೇಷನ್ ಮಾಸ್ಟರ್, 1830ರ ದಶಕದ ಕೊನೆಯಲ್ಲಿ. ಅದಕ್ಕೆ ಮೊದಲು ಕುದುರೆ ಗಾಡಿಗೆ ಬರೆದ ಹಾಗೆ ಒಬ್ಬೊಬ್ಬರಿಗೂ ಕಾಗದದ ಮೇಲೆ ಕೈಯಲ್ಲಿ ಬರೆದು ಕೊಡಬೇಕಿತ್ತು. ನೂರಾರು ಜನ ಸಾಲು ನಿಂತರೆ ಅದು ಆಗದ ಮಾತು. ಮುಂದೆ ಅವರು ಕೆಲಸ ಮಾಡಿದ್ದು ಇದೇ ಮ್ಯಾಂಚೆಸ್ಟರ್‌ನ ರೈಲು ಕಂಪನಿಯಲ್ಲಿ. ಇಲ್ಲಿಂದ ಹೊರಟ ಆ ರಟ್ಟು ಹುಬ್ಬಳ್ಳಿಯ ಕಿಟಕಿಗೆ ಬಂದು ನಮ್ಮ ಕಂಪಾಸ್ ಪೆಟ್ಟಿಗೆ ಸೇರಿತ್ತು.

ಲಿವರ್‌ಪೂಲ್‌ಗೆ ವೇಗದ ರೈಲೂ ಇದೆ. ಆದರೆ ಈ ದಾರಿ ನೋಡಬೇಕಾದರೆ ಎಲ್ಲ ಕಡೆ ನಿಲ್ಲುವ ನಿಧಾನದ ರೈಲೇ ಬೇಕು, ಎಡಗಡೆ ಬಲಗಡೆ ಎರಡೂ ಕಿಟಕಿ ಖಾಲಿ ಸಿಗುತ್ತವೆ. ಊರು ದಾಟಿದ ಮೇಲೆ ಚಾಟ್ ಮಾಸ್, ಮೈಲಿಗಟ್ಟಲೆ ಜೌಗು. ಇಲ್ಲಿ ಎಷ್ಟು ಮಣ್ಣು ಹಾಕಿದರೂ ನುಂಗುತ್ತಿತ್ತು. ಈ ದಾರಿಯ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಕಡೆಯವರು ಪೊದೆಸೊಪ್ಪು, ಹೆಣೆದ ಕಡ್ಡಿಗಳ ತಡಿಕೆ ಹಾಸಿ ಅದರ ಮೇಲೆ ಹಳಿ ತೇಲಿಸಿದರು. ಇನ್ನೂರು ವರ್ಷ ಆಗುತ್ತಾ ಬಂತು, ನಮ್ಮ ರೈಲು ಅದರ ಮೇಲೇ ಹೋಯಿತು. ಸ್ವಲ್ಪ ಮುಂದೆ ನ್ಯೂಟನ್ ಹತ್ತಿರ ಹಳಿ ಪಕ್ಕದಲ್ಲಿ ಒಂದು ಬಿಳಿ ಕಲ್ಲಿನ ಸ್ಮಾರಕ. ಈ ದಾರಿ ಶುರುವಾದ ಮೊದಲ ದಿನವೇ ಸಂಸದ ಹಸ್ಕಿಸನ್ ಕೆಳಗಿಳಿದು ನಿಂತಿದ್ದಾಗ 'ರಾಕೆಟ್' ಅನ್ನುವ ರೈಲು ಎಂಜಿನ್ ಕಾಲ ಮೇಲೆ ಹರಿದು ತೀರಿಕೊಂಡರು. ಎದುರಿನಿಂದ ಬರುವ ವಸ್ತುವಿನ ವೇಗ ಅಂದಾಜು ಮಾಡುವುದು ಆಗಿನ ಕಣ್ಣಿಗೆ ಅಭ್ಯಾಸವೇ ಇರಲಿಲ್ಲ ಅಂತ ನನಗೆ ಅನಿಸುತ್ತೆ.

ಕಂಪನಿಯವರು ಈ ದಾರಿ ಕಟ್ಟಿದ್ದು ಮುಖ್ಯವಾಗಿ ಸರಕಿಗೆ. ಆದರೆ 1831ರ ಒಂದೇ ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಹತ್ತಿದರು. ಅಷ್ಟು ಜನಕ್ಕೆ ಊರು ಬಿಟ್ಟು ಊರಿಗೆ ಹೋಗುವ ಆಸೆ ಒಳಗೇ ಇತ್ತು, ದಾರಿ ಇರಲಿಲ್ಲ.

ಲಿವರ್‌ಪೂಲ್‌ನ ಹಡಗುಕಟ್ಟೆಯಲ್ಲಿ ಗಾಳಿ ತಳ್ಳುತ್ತಿತ್ತು. ಇಲ್ಲಿ ಇಳಿದ ಹತ್ತಿಯೇ ರೈಲಿನಲ್ಲಿ ಮ್ಯಾಂಚೆಸ್ಟರ್ ಗಿರಣಿಗೆ ಹೋಗುತ್ತಿದ್ದುದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇವರು ಭಾರತದ ಕಡೆ ತಿರುಗಿದರು, ಧಾರವಾಡದ ಹತ್ತಿಗೂ ಬೇಡಿಕೆ ಏರಿತು. ನಮ್ಮ ಕಡೆಯ ಎರೆಹೊಲದ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು, ಅಲ್ಲಿಂದ ಹಡಗು. ಆ ಹತ್ತಿಗೆ 'ಕುಮಟಾ' ಅನ್ನುವ ಹೆಸರೇ ಬಿತ್ತು. ಹುಬ್ಬಳ್ಳಿಗೆ ರೈಲು ಬಂದಿದ್ದು ಅದಾದ ಇಪ್ಪತ್ತು ವರ್ಷದ ಮೇಲೆ. ಕಟ್ಟೆಯ ಮೇಲೆ ಕೂತು ನಾನು ಯೋಚಿಸಿದ್ದು ಆ ಗಾಡಿ ಹೊಡೆಯುವವರನ್ನು. ಇಲ್ಲಿ ಎರಡು ಗಂಟೆಯ ದಾರಿ. ಅವರಿಗೆ ದೇವಿಮನೆ ಘಟ್ಟದ ಒಂದು ಇಳಿಜಾರಿಗೇ ಒಂದು ದಿನ ಬೇಕಿತ್ತೇನೋ.

ನಾಲ್ಕನೇ ದಿನ: ರಿಬಲ್‌ಹೆಡ್

ಲೀಡ್ಸ್‌ನಲ್ಲಿ ರೈಲು ಬದಲಿಸಿ ಉತ್ತರದ ಗುಡ್ಡಗಳಿಗೆ ಹೋದೆವು. ರಿಬಲ್‌ಹೆಡ್‌ನಲ್ಲಿ ಇಳಿದವರು ನಾಲ್ಕೇ ಜನ. ಊರು ಅಂತ ಏನೂ ಇಲ್ಲ. ಬೋಳು ಗುಡ್ಡ, ಕುರಿ, ಗಾಳಿ, ಮತ್ತು 24 ಕಮಾನುಗಳ ಸೇತುವೆ. ಮೋಡ ಎಷ್ಟು ಕೆಳಗೆ ಬಂದಿತ್ತು ಅಂದರೆ ಮೇಲೆ ಹೋಗುವ ರೈಲು ಕಾಣಲಿಲ್ಲ, ಸದ್ದು ಮಾತ್ರ.

1870ರ ದಶಕದಲ್ಲಿ ಈ ಬಯಲಿನಲ್ಲಿ ಎರಡು ಸಾವಿರ ಜನರ ಗುಡಿಸಲು ಊರಿತ್ತು. ಈ ರೈಲು ದಾರಿ ಕಟ್ಟುವ ಕೂಲಿಗಳು, ಅವರ ಹೆಂಡತಿ ಮಕ್ಕಳು. ಕೇರಿಗಳಿಗೆ ಸೆಬಾಸ್ಟೊಪೋಲ್, ಜೆರಿಕೋ ಅಂತೆಲ್ಲ ಹೆಸರು. ಅಂಗಡಿ ಇತ್ತು, ಶಾಲೆ ಇತ್ತು, ಆಸ್ಪತ್ರೆಯೂ ಇತ್ತು. 1871ರಲ್ಲಿ ಸಿಡುಬು ಬಂತು. ಈಗ ಹುಲ್ಲಿನ ಕೆಳಗೆ ಉಬ್ಬುತಗ್ಗು ಬಿಟ್ಟರೆ ಏನೂ ಉಳಿದಿಲ್ಲ.

ಮೂರು ಕಿಲೋಮೀಟರ್ ನಡೆದು ಚಾಪೆಲ್-ಲಿ-ಡೇಲ್‌ನ ಪುಟ್ಟ ಚರ್ಚಿಗೆ ಹೋದೆವು. ಬಾಗಿಲು ತೆರೆದೇ ಇತ್ತು, ಒಳಗೆ ಒದ್ದೆ ಕಲ್ಲಿನ ವಾಸನೆ. ಗೋಡೆಯಲ್ಲಿ ಒಂದು ಅಮೃತಶಿಲೆಯ ಫಲಕ. ಈ ದಾರಿ ಕಟ್ಟುವಾಗ ಸತ್ತವರಿಗಾಗಿ ಜೊತೆ ಕೆಲಸಗಾರರು ಮತ್ತು ಕಂಪನಿ ಸೇರಿ ಹಾಕಿಸಿದ್ದು. ಅದರಲ್ಲಿ ಒಂದೂ ಹೆಸರಿಲ್ಲ. ಹೊರಗೆ ಸುಮಾರು ಇನ್ನೂರು ಜನರನ್ನು ಮಣ್ಣು ಮಾಡಿದ್ದಾರೆ, ಅದರಲ್ಲಿ ಮಕ್ಕಳೂ ಬಹಳ. ನಾವಿಬ್ಬರೂ ಅಲ್ಲಿ ಮಾತಾಡಲಿಲ್ಲ. ಹಾಲು, ಹತ್ತಿ, ಗಡಿಯಾರ ಅಂತ ಮೂರು ದಿನದಿಂದ ನಾನು ಖುಷಿಯಾಗಿ ಲೆಕ್ಕ ಹಾಕುತ್ತಿದ್ದೆ. ಅದನ್ನೆಲ್ಲ ತಂದ ಹಳಿ ಹಾಸಿದವರು ಇಲ್ಲಿ ಮಲಗಿದ್ದರು.

ವಾಪಸ್ ಬರುವಾಗ ಮಳೆ ಜೋರಾಯಿತು, ಮೂರು ನಿಮಿಷದಲ್ಲಿ ರೈಲು ತಪ್ಪಿತು. ಇಲ್ಲಿ ಒಂದು ಬಿಟ್ಟರೆ ಇನ್ನೊಂದು ಹೆಚ್ಚುಕಡಿಮೆ ಎರಡು ಗಂಟೆಗೆ, ವಾಪಸ್ ರೈಲು ನೋಡಿಕೊಂಡೇ ನಡೆಯಲು ಹೊರಡಿ. ಸ್ಟೇಷನ್ ಕೆಳಗಿನ ಹಳೇ ಇನ್‌ನಲ್ಲಿ ಶೂ ಒಣಗಿಸುತ್ತಾ ತರಕಾರಿ ಸೂಪು ಕುಡಿದೆವು. ಪಕ್ಕದ ಮೇಜಿನಲ್ಲಿ ಸೆಟಲ್ ಊರಿನ ದಂಪತಿ. 1980ರ ದಶಕದಲ್ಲಿ ಈ ದಾರಿಯನ್ನೇ ಮುಚ್ಚಲು ಹೊರಟಿದ್ದರಂತೆ. ಸಾವಿರಾರು ಜನ ಆಕ್ಷೇಪಣೆ ಬರೆದರು, ಒಂದು ನಾಯಿಯ ಪಂಜದ ಗುರುತು ಕೂಡ ಅದರಲ್ಲಿ ಸೇರಿತ್ತು. 1989ರಲ್ಲಿ ದಾರಿ ಉಳಿಯಿತು. ಹಿಮ ಬಿದ್ದಾಗ ರಸ್ತೆ ಮುಚ್ಚಿದರೂ ರೈಲು ಬರುತ್ತೆ, ಅದಕ್ಕೇ ಬಿಡಲಿಲ್ಲ ಅಂದರು ಆ ಅಮ್ಮ.

ಐದನೇ ದಿನ: ಬ್ಲ್ಯಾಕ್‌ಪೂಲ್

ಕೊನೆಯ ದಿನ ಬಿಸಿಲು. ಬ್ಲ್ಯಾಕ್‌ಪೂಲ್ ಸಮುದ್ರದ ಊರು, 1846ರಲ್ಲಿ ರೈಲು ಬಂದ ಮೇಲೆ ಬೆಳೆದದ್ದು. ಗಿರಣಿ ಕೆಲಸದವರು ಅದಕ್ಕೆ ಮೊದಲು ಸಮುದ್ರ ನೋಡಿರುವುದೇ ಅಪರೂಪ. 1844ರ ಕಾನೂನು ಪ್ರತಿ ದಾರಿಯಲ್ಲೂ ದಿನಕ್ಕೆ ಒಂದಾದರೂ ಅಗ್ಗದ ರೈಲು ಓಡಿಸಬೇಕು ಅಂದಿತು. ಮೈಲಿಗೆ ಒಂದು ಪೆನ್ನಿ, ತಲೆ ಮೇಲೆ ಸೂರು ಇರಲೇಬೇಕು. ಅಲ್ಲಿಯವರೆಗೆ ಬಡವರು ಎಷ್ಟೋ ಕಡೆ ತೆರೆದ ಡಬ್ಬಿಯಲ್ಲಿ ಮಳೆ, ಕಿಡಿ ತಿನ್ನುತ್ತಾ ಹೋಗಬೇಕಿತ್ತು.

ಕಡಲ ದಂಡೆಯ ಬೆಂಚಿನಲ್ಲಿ ಸಿಕ್ಕ ಅಜ್ಜಿ ಓಲ್ಡಮ್ ಊರಿನವರು. ಅವರ ಚಿಕ್ಕಂದಿನಲ್ಲಿ ಇಡೀ ಊರಿನ ಗಿರಣಿ ಒಂದೇ ವಾರ ಮುಚ್ಚುತ್ತಿತ್ತು, 'ವೇಕ್ಸ್ ವಾರ' ಅನ್ನುತ್ತಿದ್ದರು. ಇಡೀ ಬೀದಿಯೇ ರೈಲು ಹತ್ತಿ ಇಲ್ಲಿಗೆ ಬರುತ್ತಿತ್ತು. ಅವರ ಅಜ್ಜಿಯ ಕಾಲದಲ್ಲಿ ಅಡುಗೆ ಸಾಮಾನು ತಾವೇ ತಂದುಕೊಟ್ಟರೆ ಮನೆಯೊಡತಿ ಬೇಯಿಸಿ ಕೊಡುತ್ತಿದ್ದಳಂತೆ, ಮೇಜಿನ ಮೇಲಿನ ಉಪ್ಪು ಮೆಣಸಿಗೂ ಬೇರೆ ದುಡ್ಡು. ನಮ್ಮ ಛತ್ರಗಳ ಥರ ಅಲ್ವಾ? ಸ್ವಿಂಡನ್‌ನಲ್ಲಿಯೂ ಹೀಗೇ ಒಂದು ವಾರದ 'ಟ್ರಿಪ್' ಇತ್ತು. ಕಂಪನಿ ರೈಲು ಪುಕ್ಕಟೆ, ಆದರೆ ಆ ವಾರದ ಸಂಬಳ ಇಲ್ಲ. ಸಂಬಳದ ರಜೆ ಬಂದಿದ್ದು 1938ರ ಹೊತ್ತಿಗೆ. ವರ್ಷವಿಡೀ ಕಾಸು ಕೂಡಿಡುತ್ತಿದ್ದರು. ಅಜ್ಜನ ರೈಲ್ವೆ ಪಾಸ್ ಬಂದ ದಿನ ಅಜ್ಜಿ ಚಕ್ಕುಲಿ ಡಬ್ಬಿ ಇಳಿಸುತ್ತಿದ್ದುದು ನೆನಪಾಯಿತು. ರಾಮೇಶ್ವರ, ಒಮ್ಮೆ ಮುಂಬೈ. ನಾನು ಮೊದಲು ಸಮುದ್ರ ನೋಡಿದ್ದೂ ಆ ಪಾಸಿನಲ್ಲೇ.

ಮಧ್ಯಾಹ್ನ ಮೀನು ಮತ್ತು ಚಿಪ್ಸ್ ಅಂಗಡಿಗೆ ಹೋದೆವು. ಹಿಡಿದ ಮೀನು ಮಂಜುಗಡ್ಡೆಯ ಜೊತೆ ರೈಲಿನಲ್ಲಿ ಒಳನಾಡಿನ ಊರುಗಳಿಗೆ ಬರತೊಡಗಿದ ಮೇಲೇ ಇದು ಗಿರಣಿ ಜನರ ಊಟವಾದದ್ದು. ತಮ್ಮ ತಿಂದ. ನಾನು ಸಸ್ಯಾಹಾರಿ, ಬರೀ ಚಿಪ್ಸ್ ಸಾಕು ಅಂದೆ. ಕೌಂಟರಿನ ಹುಡುಗಿ ತಾನಾಗಿಯೇ ತಡೆದಳು. ಈ ಕಡೆ ಬಹಳ ಅಂಗಡಿಗಳಲ್ಲಿ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ, ಕೇಳಿಯೇ ತಗೊಳ್ಳಿ ಅಂದಳು. ಎಣ್ಣೆಯಲ್ಲಿ ಕರಿಯುವ ಅಂಗಡಿ ಎರಡು ಬೀದಿ ಆಚೆ ಇದೆ ಅಂತ ಬಾಗಿಲವರೆಗೆ ಬಂದು ತೋರಿಸಿದಳು. ಆ ಹುಡುಗಿ ಚೆನ್ನಾಗಿರಲಿ.

ರಾತ್ರಿ ಮ್ಯಾಂಚೆಸ್ಟರ್ ಸ್ಟೇಷನ್ನಿನ ಗೇಟಿನಲ್ಲಿ ಟಿಕೆಟ್ ಹಾಕಿದರೆ ಯಂತ್ರ ನುಂಗಿಬಿಡುತ್ತೆ. ಇಟ್ಟುಕೊಳ್ಳಬೇಕು ಅಂದರೆ ಪಕ್ಕದಲ್ಲಿರುವ ಸಿಬ್ಬಂದಿಯನ್ನು ಕೇಳಬೇಕು, ಬಿಟ್ಟುಕೊಡುತ್ತಾರೆ. ನಾನು ಕೇಳಿದೆ. ಆ ಮನುಷ್ಯ ನನ್ನ ಟಿಕೆಟ್ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದು ವಾಪಸ್ ಕೊಟ್ಟು, ಬದಿಯ ಗೇಟು ತೆಗೆದರು. ಊರಿಗೆ ಬಂದ ಮೇಲೆ ಅದನ್ನು ಅಜ್ಜನ ಹಳೇ ಡಬ್ಬಿಯಲ್ಲಿ, ಅವರ ರಟ್ಟಿನ ಟಿಕೆಟ್‌ಗಳ ಜೊತೆ ಇಟ್ಟಿದ್ದೇನೆ.